ಸೋಡಾ ಕುಡಿದ ಕಲ್ಲು

ನನಗೆ ಎರಡು ರೋಗ. ಒಂದು, ಬೇಗ ಸಿಟ್ಟು ಬರುವುದು. ಇನ್ನೊಂದು, ಬೇಗ ನಗು ಬರುವುದು. ಎರಡಕ್ಕೂ ಮದ್ದಿಲ್ಲ ಎಂದು ನಮ್ಮವ್ವ ನಾನು ಅಂಗನವಾಡಿಗೆ ಹೋಗುತ್ತಿದ್ದಾಗಲೇ ಕೈ ಚೆಲ್ಲಿದ್ದಳು. ಹೋದ ಬೇಸಿಗೆಯಲ್ಲಿ ಎರಡೂ ಒಟ್ಟಿಗೇ ಬಂದು ನನ್ನನ್ನು ಕುಣಿಸಿದವು. ಕಾರಣ ಒಂದು ಕಲ್ಲು. ನಿಂಬೆಹಣ್ಣಿಗಿಂತ ಒಂಚೂರು ದೊಡ್ಡದು, ಬೂದಿ ಬಣ್ಣದ್ದು, ಮೂಲೆಗಳೆಲ್ಲ ಚೊಕ್ಕ.

ನಾನು ಚನ್ನಗಿರಿಯ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕಿ. ಗಾಜಿನ ಸಾಮಾನು ತೊಳೆಯುವುದು, ಪುಡಿ ತೂಗಿಕೊಡುವುದು, ವಿದ್ಯಾರ್ಥಿಗಳು ಒಡೆದದ್ದನ್ನು ಗುಡಿಸುವುದು ನನ್ನ ಕೆಲಸ. ಅಲ್ಲಿನ ಮೇಡಂ ಒಂದು ದಿನ ಉಕ್ಕಿನ ಕಾರ್ಖಾನೆಯ ಕಿಟ್ಟದ ಪುಡಿ ತರಿಸಿದರು. ಉಕ್ಕನ್ನು ಕರಗಿಸಿ ಶುದ್ಧಮಾಡುವಾಗ ಮೇಲೆ ತೇಲುವ ಕಸವೇ ಕಿಟ್ಟ. ಕೆಲವು ಬಗೆಯ ಕಿಟ್ಟ ಆರುತ್ತ ಆರುತ್ತ ತಾನೇ ಒಡೆದು ಹಿಟ್ಟಾಗಿಬಿಡುತ್ತದಂತೆ. ಯಾರಿಗೂ ಬೇಡದ ಹಿಟ್ಟು, ಕಾರ್ಖಾನೆಯ ಬದಿಯಲ್ಲಿ ಗುಡ್ಡೆ ಬಿದ್ದಿರುತ್ತದೆ. ಮೇಡಂ ಅದಕ್ಕೆ ಸ್ವಲ್ಪ ನೀರು ಚಿಮುಕಿಸಿ, ಅಚ್ಚಿನಲ್ಲಿ ಒತ್ತಿ, ನೆರಳಲ್ಲಿ ಆರಿಸಿ, ಡಬ್ಬಿಯೊಳಗಿಟ್ಟು, ಡಬ್ಬಿಗೆ ಇಂಗಾಲದ ಡೈಆಕ್ಸೈಡ್ ತುಂಬಿದರು. ಸಿಮೆಂಟಿನ ಒಂದು ಚಿಟಿಕೆಯನ್ನೂ ಹಾಕಲಿಲ್ಲ. ಮಾರನೆಯ ದಿನ ತೆಗೆದರೆ ಕಲ್ಲು. ನಾನು ಅದನ್ನು ಗೋಡೆಗೆ ಕುಟ್ಟಿದೆ. ಗೋಡೆಯ ಗಾರೆ ಉದುರಿತು, ಕಲ್ಲಿಗೆ ಏನೂ ಆಗಲಿಲ್ಲ.

"ಗ್ಯಾಸು ಎಲ್ಲಿ ಹೋಯ್ತು ಮೇಡಂ?" ಎಂದು ಕೇಳಿದೆ.

"ಕಲ್ಲಿನೊಳಗೇ ಇದೆ. ಕಲ್ಲೇ ಆಗಿಬಿಟ್ಟಿದೆ. ಇನ್ನು ಹೊರಗೆ ಬಂದು ಗಾಳಿ ಕೆಡಿಸೋದಿಲ್ಲ."

"ಮತ್ತೆ ನೀರು ಹೊಡೆಯೋದು ಬೇಡ್ವಾ?"

"ಬೇಡ. ಇದು ನೀರಿಗೆ ಗಟ್ಟಿಯಾಗೋ ಜಾತಿ ಅಲ್ಲ, ಗ್ಯಾಸಿಗೆ ಗಟ್ಟಿಯಾಗೋ ಜಾತಿ."

ನೀರು ಬೇಡ ಎನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೇಡಂ ಹತ್ತಿರ ಆ ಕಲ್ಲನ್ನು ಕೇಳಿ ಇಸಿದುಕೊಂಡು, ಏಪ್ರನ್ನೂ ಬಿಚ್ಚದೆ, ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಓಡಿದೆ. ಹಾಗೆ ಯಾಕೆ ಓಡಿದೆ ಎಂದು ತಿಳಿಯಬೇಕಾದರೆ ಜಗಳೂರಿನಲ್ಲಿದ್ದ ನಮ್ಮವ್ವನ ವಿಷಯ ಹೇಳಬೇಕು.

ನಮ್ಮವ್ವ ಜಗಳೂರಿನ ಅಂಚಿನಲ್ಲಿ, ಒಂದು ಬೇವಿನ ಮರದ ಕೆಳಗೆ, ಸಿಮೆಂಟ್ ಇಟ್ಟಿಗೆ ಮಾಡುತ್ತಾಳೆ. ಕೈಯಲ್ಲೇ ಒತ್ತುವ ಅಚ್ಚಿನ ಮಿಷನ್ನು. ಅಪ್ಪ ಇದ್ದಾಗ ಇಬ್ಬರೂ ಒತ್ತುತ್ತಿದ್ದರು, ಅಪ್ಪ ಹೋದ ಮೇಲೆ ಒಬ್ಬಳೇ. ಅದರ ಹಿಡಿ ಅವ್ವನ ಅಂಗೈಯ ಆಕಾರಕ್ಕೆ ಸವೆದಿದೆ. ಆ ಕಣದಲ್ಲಿ ಅವಳದೇ ಕಾನೂನು. ಅಚ್ಚಿನಿಂದ ಆಗ ತಾನೆ ಇಳಿದ ಇಟ್ಟಿಗೆಗೆ ಅವಳು ಇಟ್ಟಿಗೆ ಅನ್ನುವುದಿಲ್ಲ, "ಹಸಿಗೂಸು" ಅನ್ನುತ್ತಾಳೆ. ಹಸಿಗೂಸನ್ನು ಅಚ್ಚು ಒತ್ತಿದವರೇ ಮುಟ್ಟಬೇಕು, ಇನ್ನೊಬ್ಬರು ಹತ್ತಿರ ಸುಳಿಯಬಾರದು. ಏಳು ದಿನ ಹೊತ್ತು ಹೊತ್ತಿಗೆ ನೀರು ಕುಡಿಸಬೇಕು. ನಾನು ಹುಟ್ಟಿದಾಗ ಬಾಣಂತನದ ಹನ್ನೊಂದನೇ ದಿನಕ್ಕೇ ಎದ್ದು ಬಂದು ಇಟ್ಟಿಗೆಗೆ ನೀರು ಹಾಕಿದ್ದಳಂತೆ. ನಾನು ಅತ್ತರೂ ಎತ್ತಿಕೊಳ್ಳಲಿಲ್ಲ ಎಂದು ಅಜ್ಜಿ ಸಾಯುವವರೆಗೂ ಆಡಿಕೊಳ್ಳುತ್ತಿದ್ದಳು.

ನಮ್ಮ ಕೇರಿಗೆ ಇರುವುದು ಒಂದು ನಲ್ಲಿ. ಬೇಸಿಗೆ ಬಂತೆಂದರೆ ದಿನ ಬಿಟ್ಟು ದಿನ ನೀರು. ಪ್ರತಿ ಮನೆಗೂ ಒಂದು ಪಾಳಿ. ಯುಗಾದಿ ಕಳೆದ ಮೇಲೆ ಒಂದು ಬೆಳಗ್ಗೆ ಅವ್ವನ ಪಾಳಿಯಲ್ಲಿ ನಮ್ಮ ಚಿಗವ್ವ, ಅಂದರೆ ಅವ್ವನ ಓರಗಿತ್ತಿ, ಎದುರು ಮನೆಯವಳೇ, ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಎಲ್ಲರ ಮುಂದೆ ಅಂದಳಂತೆ: "ನಮ್ಮ ಮನ್ಯಾಗೆ ಕೊಡ ಬೋರಲಾಗಿ ಬಿದ್ದಾವೆ. ನಿನ್ನ ಕಲ್ಲು ನೋಡಿದ್ರೆ ಹೊಟ್ಟೆ ತುಂಬ ಕುಡೀತಾವಲ್ಲಕ್ಕ."

ಚಿಗವ್ವ ಕೆಟ್ಟವಳಲ್ಲ. ಅವಳು ಹೇಳಿದ್ದು ಸುಳ್ಳೂ ಅಲ್ಲ. ಅದಕ್ಕೇ ಅವ್ವನಿಗೆ ಅದು ನಾಟಿತು. ಜಗಳವಾಡಿದ್ದರೆ ಎರಡು ದಿನಕ್ಕೆ ಮರೆತುಹೋಗುತ್ತಿತ್ತು. ಅವ್ವ ಜಗಳವಾಡಲಿಲ್ಲ. "ಬುದ್ಧಪೂರ್ಣಿಮೆವರೆಗೂ ತಡಕಳ್ರವ್ವ. ಒಪ್ಪಿಕೊಂಡಿರೋ ಇಟ್ಟಿಗೆ ಮುಗಿಸಿ ಮಿಷನ್ ಕೊಟ್ಟುಬಿಡ್ತೀನಿ. ಹೊಸ ಇಟ್ಟಿಗೆಗೆ ನಲ್ಲಿ ನೀರು ಮುಟ್ಟಲ್ಲ" ಎಂದು ನಲ್ಲಿಯ ಮುಂದೆ ಮಾತು ಕೊಟ್ಟುಬಿಟ್ಟಳು. ನ್ಯಾಮತಿ ತಾಲ್ಲೂಕಾದ ಮೇಲೆ ಅಲ್ಲಿ ಕಟ್ಟಡಗಳು ಮೇಲಿಂದ ಮೇಲೆ ಏಳುತ್ತಿವೆಯಲ್ಲ, ಅಲ್ಲಿಯ ಒಬ್ಬ ಮೇಸ್ತ್ರಿ ಎರಡು ವರ್ಷದಿಂದ ಆ ಮಿಷನ್ನಿನ ಮೇಲೆ ಕಣ್ಣಿಟ್ಟಿದ್ದ. ಹುಣ್ಣಿಮೆ ದಿನ ಬಂದು ಒಯ್ಯುತ್ತೇನೆ ಎಂದು ಫೋನಿನಲ್ಲೇ ಹೇಳಿದ. ಅವ್ವ ನನಗೆ ಇದನ್ನೆಲ್ಲ ಹೇಳಿದ್ದು ಮೆಂತ್ಯದ ಹಿಟ್ಟಿಗೆ ಏನು ಹಾಕುವುದು ಎಂದು ಹೇಳುವ ಹಾಗೆ, ತಣ್ಣಗೆ. ಫೋನ್ ಇಟ್ಟ ಮೇಲೆ ನಾನು ಅತ್ತೆ. ಮಿಷನ್ ಇಲ್ಲದ ಅವ್ವ ಇಡೀ ದಿನ ಏನು ಮಾಡುತ್ತಾಳೆ ಎನ್ನುವುದನ್ನು ನೆನೆಯಲೂ ನನಗೆ ಆಗಲಿಲ್ಲ.

ಹಾಗಾಗಿ ನಾನು ಓಡಿದ್ದು. ಓಡಿ ನಿಂತದ್ದು ಸೋಡಾ ಚಾಚಾನ ಮುಂದೆ. ಅವರ ಸೋಡಾ ಶೆಡ್ಡಿನ ಮೇಲಿನ ಕೋಣೆಯಲ್ಲೇ ನನ್ನ ಬಾಡಿಗೆ ವಾಸ. ಕೆರೆಬಿಳಚಿಯಲ್ಲಿ ಹುಟ್ಟಿ, ಚನ್ನಗಿರಿಯಲ್ಲಿ ಅಪ್ಪನ ಕಾಲದ ಗೋಲಿ ಸೋಡಾ ವ್ಯಾಪಾರ ಹಿಡಿದು, ಎಪ್ಪತ್ತು ದಾಟಿದರೂ ಶೆಡ್ಡು ಬಿಡದ ಮನುಷ್ಯ. ಕಲ್ಲನ್ನು ಅವರ ಕೈಗಿಟ್ಟು, ಏದುಸಿರು ಬಿಡುತ್ತ ಎಲ್ಲ ಒದರಿದೆ. ಅವರು ಎಲೆ ಅಡಿಕೆ ಅಗಿಯುತ್ತ ಕೇಳಿ, ಜೇಬಿನಿಂದ ಸುಣ್ಣದ ಡಬ್ಬಿ ತೆಗೆದರು.

"ಇದರಾಗೆ ಏನ್ ಜಾದೂ ಐತೆ ಬೇಟಿ? ಈ ಡಬ್ಬಿ ಮುಚ್ಚಳ ಹಾಕೋದು ಮರ್ತೆ ಅಂದ್ರೆ ನಾಕು ದಿನಕ್ಕೆ ಸುಣ್ಣ ಕಲ್ಲಾಗ್ತೈತೆ. ಗಾಳಿಯಾಗಿನ ಗ್ಯಾಸು ಕುಡಿದು ಕುಡಿದು ಹಂಗಾಗೋದು. ನಿನ್ನ ಕಿಟ್ಟದಾಗೂ ಸುಣ್ಣ ಇರ್ಬೇಕು."

"ಐತೆ ಚಾಚಾ."

"ಮತ್ತಿನ್ನೇನು. ಅದು ನಾಕು ದಿನ ಸಿಪ್ ಸಿಪ್ ಅಂತ ಕುಡಿಯೋದನ್ನ ನಾವು ಒಂದೇ ದಿನಕ್ಕೆ ಗಟಗಟ ಕುಡಿಸೋದು." ಆಮೇಲೆ ಶೆಡ್ಡಿನ ಮೂಲೆಯಲ್ಲಿದ್ದ ಸಿಲಿಂಡರನ್ನೇ ಸ್ವಲ್ಪ ಹೊತ್ತು ನೋಡಿದರು. ಕಬ್ಬಿನ ಕಾಕಂಬಿ ಹುದುಗು ಬರುವಾಗ ಏಳುವ ಗ್ಯಾಸನ್ನು ಹಿಡಿದು ತುಂಬಿದ ಸಿಲಿಂಡರು ಅದು. "ಐವತ್ತು ವರ್ಷ ಈ ಗ್ಯಾಸು ಬಾಟಲಿಗೆ ತುಂಬಿದೆ. ಮಂದಿ ಕುಡಿದ್ರು, ತೇಗಿದ್ರು, ಮುಗೀತು. ನನ್ನ ಜಿಂದಗಿ ಪೂರಾ ತೇಗಾಗಿ ಗಾಳಿಗೆ ಹೋಯ್ತು. ಒಂದು ಸಲ ಆದ್ರೂ ಉಳಿಯೋದು ಏನಾದ್ರೂ ಮಾಡಾಣ ನಡಿ."

ನನಗೆ ನಗು ತಡೆಯಲಾಗಲಿಲ್ಲ. ಚಾಚಾನೂ ನಕ್ಕರು. ನಕ್ಕು ನಕ್ಕು ಅವರ ಎಲೆ ಅಡಿಕೆ ನನ್ನ ಬಿಳಿ ಏಪ್ರನ್ನಿನ ಮೇಲೆ ಚಿತ್ತಾರ ಬಿಡಿಸಿತು. ಸುಡುಬೇಸಿಗೆಯಲ್ಲಿ ಸೋಡಾ ವ್ಯಾಪಾರದವರು ಸಿಲಿಂಡರ್ ಬಿಟ್ಟುಕೊಡುವುದೆಂದರೆ ಸಣ್ಣ ಮಾತಲ್ಲ ಎನ್ನುವುದು ನನಗೆ ಹೊಳೆದದ್ದು ಎಷ್ಟೋ ಆಮೇಲೆ.

ಪೆಟ್ಟಿಗೆಗೆ ಏನು ಮಾಡುವುದು? ಚಾಚಾನ ಮಗಳನ್ನು ಸಾಸ್ವೆಹಳ್ಳಿಗೆ ಕೊಟ್ಟಿದೆ. ಅವಳ ಮನೆಯ ಮಾಳಿಗೆಯ ಮೇಲೆ ಒಂದು ಕಪ್ಪು ಪ್ಲಾಸ್ಟಿಕ್ ನೀರಿನ ಟ್ಯಾಂಕು ಮೇಲ್ಗಡೆ ಸೀಳಿ ಅನಾಥವಾಗಿ ಬಿದ್ದಿತ್ತು. ಸೀಳಿದ ಅರ್ಧವನ್ನು ಚಾಚಾ ಗರಗಸದಲ್ಲಿ ಕೊಯ್ದು ಹಾಕಿದರು. ಉಳಿದದ್ದು ಸೊಂಟದೆತ್ತರದ ದೊಡ್ಡ ಬಾನಿ. ಮೇಲೆ ಹೊದಿಸಲು ತಾಡಪಾಲು. ಈ ಗ್ಯಾಸು ಗಾಳಿಗಿಂತ ಭಾರವಾದ್ದರಿಂದ ಬಾನಿಯಲ್ಲಿ ನೀರಿನ ಹಾಗೆ ನಿಲ್ಲುತ್ತದೆ, ಕೆಳಗಿನ ನಲ್ಲಿ ತಿರುಗಿಸಿದರೆ ನೀರಿನ ಹಾಗೇ ಹರಿದುಹೋಗುತ್ತದೆ. "ಖಾಲಿ ಕಾಣ್ತೈತೆ ಅಂತ ತಲೆ ಗಿಲೆ ಒಳಗೆ ಹಾಕಿದ್ರೆ ಉಸಿರು ಕಟ್ಟಿ ಅಲ್ಲೇ ಖಲ್ಲಾಸ್" ಎಂದು ಚಾಚಾ ನನಗೆ ಹತ್ತು ಸಲ ಹೇಳಿದರು. ಬಯಲಲ್ಲೇ ಮಾಡಬೇಕು, ಗ್ಯಾಸು ಪೂರ್ತಿ ಹರಿದುಹೋಗುವವರೆಗೆ ಯಾರೂ ಬಗ್ಗಬಾರದು ಎನ್ನುವುದು ಅವರ ಮೊದಲ ಷರತ್ತು.

ಪುಡಿಗೆ ತೊಂದರೆಯಾಗಲಿಲ್ಲ. ಜಗಳೂರಿನ ಕಡೆ ರಸ್ತೆ ಕೆಲಸಕ್ಕೆ ಲಾರಿಗಳು ಇದೇ ಕಿಟ್ಟವನ್ನು ತಂದು ಸುರಿಯುತ್ತಿದ್ದವು. ರಸ್ತೆಯವರಿಗೆ ದಪ್ಪ ಕಲ್ಲು ಬೇಕು, ಹಿಟ್ಟು ಬೇಡ. ಕೇಳಿದ್ದಕ್ಕೆ, "ತಗಂಡು ಹೋಗಿ ಪುಣ್ಯ ಕಟ್ಕಳವ್ವ, ಗಾಳಿಗೆ ಹಾರಿ ನಮ್ಮ ಕಣ್ಣು ಹೋಗ್ತಾವೆ" ಎಂದರು. ಒಂದು ಹಿಡಿಯನ್ನು ಮೇಡಂ ಪರೀಕ್ಷೆ ಮಾಡಿ, ಆಗಬಹುದು, ಕೈಗೆ ಗ್ಲೌಸು ಮೂಗಿಗೆ ಬಟ್ಟೆ ಮರೆಯಬೇಡ, ನೀರು ಮಾತ್ರ ಜಾಸ್ತಿ ಮಾಡಬೇಡ ಎಂದರು.

ಶನಿವಾರ ಬೆಳಗ್ಗೆ ಲಗೇಜ್ ಆಟೋದಲ್ಲಿ ಹೊರಟೆವು. ಮುಂದೆ ಚಾಲಕನ ಪಕ್ಕ ಚಾಚಾ. ಹಿಂದೆ ಹಗ್ಗದಲ್ಲಿ ಕಟ್ಟಿದ ಸಿಲಿಂಡರು ಮತ್ತು ಬಾನಿ. ನನಗೆ ಜಾಗವಿರಲಿಲ್ಲ. ಹಾಗಾಗಿ ನಾನು ಬಾನಿಯೊಳಗೇ ಕುಳಿತೆ. ಸಂತೇಬೆನ್ನೂರಿನಲ್ಲಿ ಚಹಾ ಕುಡಿಯಲು ನಿಲ್ಲಿಸಿದಾಗ ಕಪ್ಪು ಬಾನಿಯಿಂದ ಎರಡು ಜಡೆಯ ಒಂದು ತಲೆ ಮೇಲೆದ್ದದ್ದನ್ನು ಕಂಡು ಒಬ್ಬಜ್ಜ ಕೈಯಲ್ಲಿದ್ದ ಚಹಾವನ್ನು ಪಂಚೆಯ ಮೇಲೆ ಸುರಿದುಕೊಂಡ. "ಏನ್ ಮಾರಾಕೆ ಹೊಂಟೀರಿ ಸಾಬ್ರೆ?" ಎಂದು ಚಾಚಾನನ್ನು ಕೇಳಿದ. "ಕಲ್ಲಿಗೆ ಸೋಡಾ ಕುಡಿಸಾಕೆ ಹೊಂಟೀವಿ" ಎಂದರು ಚಾಚಾ, ಗಂಭೀರವಾಗಿ. ದಾವಣಗೆರೆ ದಾಟುವವರೆಗೂ ನಾನು ಬಾನಿಯೊಳಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಅವ್ವ ನಮ್ಮನ್ನು ನೋಡಿ ನಗಲಿಲ್ಲ. ನನ್ನ ಅಂಗೈಯ ಕಲ್ಲನ್ನು ಇಸಿದುಕೊಂಡು, ಉಗುರಿನಿಂದ ಕೆರೆದು, ಕಿವಿಯ ಹತ್ತಿರ ತಟ್ಟಿ, ಕೊನೆಗೆ ನಾಲಿಗೆ ತಾಗಿಸಿ ನೋಡಿದಳು. "ಇದಕ್ಕೆ ನೀರೇ ಕುಡಿಸಿಲ್ಲ ಅಂತೀಯಾ?" ಎಂದಳು. "ಹೂಂ ಕಣವ್ವ, ಅಚ್ಚಿನಿಂದ ಇಳಿದ ಮೇಲೆ ಒಂದು ಹನಿ ಇಲ್ಲ." ಅವ್ವ ಆ ಕಲ್ಲನ್ನು ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡಳು. ಮನಸ್ಸು ಒಪ್ಪಿದೆ ಎಂದು ನನಗೆ ಗೊತ್ತಾಯಿತು.

ಅವ್ವ ಪುಡಿ ಜರಡಿ ಹಿಡಿದು, ನಾದಿ, ಇಟ್ಟಿಗೆ ಒತ್ತಿದಳು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಕೈಗೆ ಅಂಟಬಾರದು, ಅಷ್ಟೇ ತೇವ. ಒತ್ತಿದ್ದನ್ನು ಬೇವಿನ ನೆರಳಲ್ಲಿ ಒಂದು ದಿನ ಆರಲು ಬಿಟ್ಟೆವು. ನಾನು, ಚಾಚಾ ಕಾನೂನಿನ ಪ್ರಕಾರ ದೂರವೇ ಇದ್ದೆವು. ಭಾನುವಾರ ಮಧ್ಯಾಹ್ನ ಅವ್ವನೇ ಒಂದೊಂದನ್ನೂ ಎತ್ತಿ ಬಾನಿಗೆ ಇಳಿಸಿದಳು. ಚಾಚಾ ಕೆಳಗಿನ ನಲ್ಲಿಗೆ ಪೈಪು ಸಿಕ್ಕಿಸಿ ಸಿಲಿಂಡರ್ ತಿರುಗಿಸಿದರು. ಬುಸ್ಸೆಂದು ಗ್ಯಾಸು ಹೊರಟಿತು, ಆ ಜಗಳೂರಿನ ರಣಬಿಸಿಲಲ್ಲಿ ಸಿಲಿಂಡರಿನ ಮೂತಿಗೆ ಬೆಳ್ಳಗೆ ಹಿಮ ಕಟ್ಟಿತು. ಕೇರಿಯ ಹೆಂಗಸರೆಲ್ಲ ಬಂದು ಹಿಮವನ್ನು ಬೆರಳಲ್ಲಿ ಕೆರೆದು ಕೆನ್ನೆಗೆ ಹಚ್ಚಿಕೊಂಡರು. ಚಿಗವ್ವ ಮಾತ್ರ ತನ್ನ ಬಾಗಿಲಲ್ಲಿ ನಿಂತೇ ನೋಡಿದಳು.

ಗ್ಯಾಸು ಎಲ್ಲಿವರೆಗೆ ತುಂಬಿದೆ ಎಂದು ತಿಳಿಯಲು ಚಾಚಾನ ಉಪಾಯ ಮೇಣದಬತ್ತಿ. ತಂತಿಗೆ ಕಟ್ಟಿದ ಉರಿಯುವ ಬತ್ತಿಯನ್ನು ಮೇಲಿನಿಂದ ಇಳಿಬಿಡುವುದು. ಗ್ಯಾಸು ಮುಟ್ಟಿದ ಕಡೆ ಬತ್ತಿ ಆರುತ್ತದೆ. ಬಾನಿಯ ಅಂಚಿನಲ್ಲೇ ಆರಿತು. ತುಂಬಿದೆ ಎಂದರ್ಥ. ಕಲ್ಲು ಕುಡಿದ ಹಾಗೆಲ್ಲ ಗ್ಯಾಸು ಕಡಿಮೆಯಾಗಿ ಬತ್ತಿ ಇನ್ನೂ ಕೆಳಗೆ ಇಳಿದು ಆರಬೇಕು. ತಾಡಪಾಲು ಬಿಗಿದು, ಅವ್ವನಿಗೆ ಒಪ್ಪಿಸಿ, ನಾವಿಬ್ಬರೂ ಚನ್ನಗಿರಿಗೆ ಬಸ್ ಹತ್ತಿದೆವು.

ಮುಂದಿನ ಶನಿವಾರ ಹೋಗಿ ತೆಗೆದರೆ ರಾಡಿ. ಮುಟ್ಟಿದ ಕಡೆ ಬೆರಳು ಇಳಿಯಿತು. ತೆಗೆಯುವ ಮುಂಚೆ ಇಳಿಬಿಟ್ಟ ಬತ್ತಿ ಅಂಚಿನಿಂದ ನಾಲ್ಕು ಬೆರಳೂ ಇಳಿಯದೆ ಆರಿತ್ತು. ಗ್ಯಾಸೆಲ್ಲ ಹಾಗೇ ಇತ್ತು, ಕಲ್ಲು ಕುಡಿದೇ ಇರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ತೀರಿಸಿಕೊಳ್ಳುವುದು? ಎದುರಿಗಿದ್ದದ್ದು ಚಾಚಾ.

"ನಿಮ್ಮ ಗ್ಯಾಸೇ ಹಳೇದು ಚಾಚಾ. ಸೋಡಾಕ್ಕೆ ಸರಿ, ಇದಕ್ಕೆ ಆಗೋದಿಲ್ಲ."

ಚಾಚಾ ಟೋಪಿ ತೆಗೆದು, ತಲೆ ಒರೆಸಿಕೊಂಡು, ಮತ್ತೆ ಹಾಕಿಕೊಂಡರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತು ನನ್ನದು. ಆ ಮಾತು ಆಡಿದ್ದಕ್ಕೆ ಈಗಲೂ ನನ್ನ ನಾಲಿಗೆ ಸುಡುತ್ತದೆ. ಅವರು ಮಾರನೆಯ ದಿನವೇ ದಾವಣಗೆರೆಯಿಂದ ಹೊಸ ಸಿಲಿಂಡರ್ ತರಿಸಿದರು. ಎರಡನೆಯ ಸಲವೂ ಮಾಡಿದೆವು. ಒಂದು ವಾರ ಬಿಟ್ಟು ಹೋಗಿ ತೆಗೆದರೆ ಎರಡನೆಯ ಸಲವೂ ರಾಡಿ. ಅವ್ವ ರಾಡಿಯನ್ನು ಮುಷ್ಟಿಯಲ್ಲಿ ಹಿಡಿದು ಹೇಳಿದಳು: "ಹೋಗ್ಲಿ ಬಿಡು ಮಗ. ನಮ್ಮ ಹಣೆಬರಾದಾಗೆ ಇಲ್ಲ. ಮೇಸ್ತ್ರಿ ಬರೋದೈತಲ್ಲ, ಮಿಷನ್ನಿಗೆ ಎಣ್ಣೆ ಬಿಟ್ಟು ಒರೆಸಿಡ್ತೀನಿ."

ಹುಣ್ಣಿಮೆಗೆ ಐದು ದಿನ ಉಳಿದಿತ್ತು. ನಾನು ಕಾಲೇಜಿಗೆ ರಜೆ ಹಾಕಿ ಜಗಳೂರಿನಲ್ಲೇ ಉಳಿದೆ. ಚಾಚಾನೂ ಉಳಿದರು. ಸೋಡಾ ಶೆಡ್ಡಿಗೆ ಬೀಗ ಹಾಕಿ ಬಂದಿದ್ದರು. ಅವ್ವ ಮತ್ತೆ ಒತ್ತಿದಳು, ಆರಲು ಇಟ್ಟಳು. ಊಟವಾಯಿತು. ಚಾಚಾ ನಮಾಜಿಗೆಂದು ಊರೊಳಗೆ ಹೋದರು. ನಾನು ಜಗಲಿಯ ಮೇಲೆ ಸೆರಗು ಮುಖಕ್ಕೆ ಹೊದ್ದು ಮಲಗಿದೆ. ನಿದ್ದೆ ಬರಲಿಲ್ಲ. ಸೆರಗಿನ ಸಂದಿಯಿಂದ ನೋಡುತ್ತಿದ್ದೆ. ಅವ್ವ ಒಳಗಿನಿಂದ ಒಂದು ತಂಬಿಗೆ ಹಿಡಿದುಕೊಂಡು, ಬೆಕ್ಕಿನ ಹೆಜ್ಜೆ ಇಡುತ್ತ, ಇಟ್ಟಿಗೆಗಳ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕುಳಿತು, ಒಂದೊಂದರ ನೆತ್ತಿಯ ಮೇಲೂ ಮೆಲ್ಲಗೆ ನೀರು ಸುರಿಯತೊಡಗಿದಳು. ಸುರಿಯುತ್ತ ಏನೋ ಮಾತಾಡುತ್ತಿದ್ದಳು, ಇಟ್ಟಿಗೆಗಳ ಜೊತೆಗೆ.

ಎದ್ದು ಓಡಿದೆ. "ಅವ್ವ, ಏನ್ ಮಾಡ್ತಾ ಇದೀಯ?"

ಅವ್ವನ ಕೈಯಿಂದ ತಂಬಿಗೆ ಜಾರಲಿಲ್ಲ. ಬೆನ್ನ ಹಿಂದೆ ಅಡಗಿಸಿದಳು, ಬೆಲ್ಲ ಕದ್ದವಳ ಹಾಗೆ. "ಏನಿಲ್ಲ. ಒಂಚೂರೇ ಒಂಚೂರು."

"ಮೊದಲನೇ ಸಲಾನೂ ಹಾಕಿದ್ಯಾ?"

"ಹೂಂ."

"ಎರಡನೇ ಸಲ?"

"ಬಾನಿಗೆ ಇಳಿಸೋ ಮುಂಚೆ ಒಂದು ಸಲ. ನೀವು ಬಸ್ ಹತ್ತಿದ ಮ್ಯಾಲೆ ತಾಡಪಾಲು ಸರಿಸಿ, ನಿಂತಲ್ಲಿಂದಾನೇ ದಿನಾ ಒಂದೊಂದು ತಂಬಿಗೆ." ಆಮೇಲೆ ದನಿ ಏರಿಸಿ, "ಮತ್ತೆ ನಾನೇನ್ ಮಾಡ್ಲಿ? ಈ ಬ್ಯಾಸಿಗ್ಯಾಗೆ ಹಸಿಗೂಸು ಒಣಗ್ತಾ ಬಿದ್ದಿರೋದು ನೋಡಾಕೆ ಆಗ್ತದಾ ನಂಗೆ? ಗ್ಯಾಸು ಕುಡೀಲಿ, ಬ್ಯಾಡ ಅನ್ನಲ್ಲ. ಅದರ ಜೊತೆಗೆ ಒಂದು ಗುಟುಕು ನೀರು ಕುಡಿದ್ರೆ ನಿಮ್ಮ ಗಂಟೇನು ಹೋಗ್ತೈತೆ?"

ಇಟ್ಟಿಗೆಯ ಮೈಯೊಳಗಿನ ಸಣ್ಣ ಸಣ್ಣ ಸಂದಿಗಳಲ್ಲಿ ನೀರು ತುಂಬಿಕೊಂಡರೆ ಗ್ಯಾಸು ಒಳಗೆ ನುಗ್ಗುವುದಾದರೂ ಎಲ್ಲಿ? ಬಾಯಿ ತುಂಬ ನೀರಿರುವವನಿಗೆ ಅನ್ನ ತಿನ್ನು ಅಂದ ಹಾಗೆ. ಎರಡು ವಾರ ನಾನು ಪುಡಿಯನ್ನು ಬೈದೆ, ಗ್ಯಾಸನ್ನು ಬೈದೆ, ಚಾಚಾನನ್ನು ಬೈದೆ. ಯಾರ ನೀರನ್ನು ಉಳಿಸಲೆಂದು ಇದೆಲ್ಲ ಹೂಡಿದೆವೋ ಅವಳೇ ತಂಬಿಗೆ ಹಿಡಿದು ಕುಳಿತಿದ್ದಳು. ಹುಟ್ಟುಗುಣ ಸುಟ್ಟರೂ ಹೋಗಲ್ಲ. ಸಿಟ್ಟು ಅಂಗಾಲಿನಿಂದ ಹೊರಟು ಗಂಟಲವರೆಗೆ ಬಂತು. ಅಲ್ಲಿ ಏನಾಯಿತೋ ಏನೋ, ನಗುವಾಗಿ ಹೊರಗೆ ಬಿತ್ತು. ನೆಲದ ಮೇಲೆ ಕುಳಿತು ನಕ್ಕೆ. ಅವ್ವನೂ ಮೊದಲು ಮುಖ ಊದಿಸಿಕೊಂಡಿದ್ದವಳು ತಂಬಿಗೆ ಕೆಳಗಿಟ್ಟು ನಗತೊಡಗಿದಳು. ನಮಾಜು ಮುಗಿಸಿ ಬಂದ ಚಾಚಾ, ಇಬ್ಬರಿಗೂ ಬಿಸಿಲು ತಲೆಗೆ ಹತ್ತಿತು ಎಂದುಕೊಂಡರಂತೆ.

ನಗು ನಿಂತ ಮೇಲೆ ನನಗೆ ಒಂದು ಮಾತು ಹೊಳೆಯಿತು. "ಅವ್ವ, ಹೊಸ ಇಟ್ಟಿಗೆಗೆ ನಲ್ಲಿ ನೀರು ಮುಟ್ಟಲ್ಲ ಅಂತ ಮಾತು ಕೊಟ್ಟಿದ್ದೆ. ಇಷ್ಟು ನೀರು ಎಲ್ಲಿಂದ ತಂದೆ?"

"ನಲ್ಲೀದು ಕಲ್ಲಿಗೆ ಹಾಕಿಲ್ಲ. ನನ್ನ ಪಾಲಿನ ಕುಡಿಯೋ ನೀರಾಗೆ ಮಿಗಿಸಿದೆ" ಎಂದಳು. "ನಂಗೇನು, ವಯಸ್ಸಾತು, ಜಾಸ್ತಿ ಬಾಯಾರಿಕಿ ಆಗಲ್ಲ."

ನನ್ನ ನಗೆಯೆಲ್ಲ ಅಲ್ಲೇ ಇಂಗಿಹೋಯಿತು. ಆಗ ಅವಳ ತುಟಿಗಳನ್ನು ನೋಡಿದೆ. ಒಡೆದು ಸಿಪ್ಪೆ ಎದ್ದಿದ್ದವು. ಎರಡು ವಾರ ಹೋಗಿ ಬಂದು ಮಾಡಿದವಳು ನಾನು, ಒಂದು ಸಲವೂ ನೋಡಿರಲಿಲ್ಲ.

ನೆನೆದ ಇಟ್ಟಿಗೆಗಳನ್ನು ಮುರಿದು, ಹೊಸ ಪುಡಿ ಸೇರಿಸಿ, ಅವ್ವ ಮತ್ತೆ ಒತ್ತಿದಳು. ಈ ಸಲ ಅವ್ವನ ಕೈಗೆ ಕಾವಲು ಬೇಕಿತ್ತು. ಚಾಚಾ ಅದಕ್ಕೂ ಉಪಾಯ ಹೂಡಿದರು. "ತಂಗಿ, ಕೂಸಿಗೆ ಜ್ವರ ಬಂದಾಗ ಡಾಕ್ಟ್ರು ನೀರು ಕೊಡಬ್ಯಾಡ್ರಿ ಅಂದ್ರೆ ಕೊಡ್ತೀರಾ?" ಎಂದು ಕೇಳಿದರು. "ಇಲ್ಲಣ್ಣಾರೆ." "ಹಂಗೇ ಇದು. ಇವತ್ತು ಮೇಣದಬತ್ತಿ ಹಿಡಿಯೋ ಕೆಲಸ ನಿಮ್ದು. ಕಲ್ಲು ಕುಡೀತೋ ಇಲ್ವೋ ನೀವೇ ನೋಡಿ ಹೇಳ್ಬೇಕು." ಅವ್ವನಿಗೆ ಕೆಲಸ ಸಿಕ್ಕಿತು. ಸುಮ್ಮನೆ ಕುಳಿತುಕೋ ಅಂದರೆ ಕೇಳುವವಳಲ್ಲ ಎಂದು ಆ ಹಿರಿಯ ಎಷ್ಟು ಬೇಗ ತಿಳಿದುಬಿಟ್ಟಿದ್ದರು.

ಒಂದು ದಿನ ಆರಿಸಿದೆವು. ಅವ್ವ ಆ ಇಡೀ ದಿನ ಎರಡೂ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಓಡಾಡಿದಳು. ಮಾರನೆಯ ಬೆಳಗ್ಗೆ ಬಾನಿಗೆ ಇಳಿಸಿ ಗ್ಯಾಸು ತುಂಬಿದೆವು. ಅವ್ವ ಬತ್ತಿ ಇಳಿಬಿಟ್ಟಳು, ಅಂಚಿನಲ್ಲೇ ಆರಿತು. ಒಂದು ತಾಸು ಬಿಟ್ಟು ಮತ್ತೆ ಇಳಿಬಿಟ್ಟಳು. ಅಂಚು ದಾಟಿತು, ಆರಲಿಲ್ಲ. ಒಂದು ಗೇಣು ಇಳಿಯಿತು, ಉರಿಯುತ್ತಲೇ ಇತ್ತು. ಮೊಳ ಇಳಿಯಿತು. ಇಟ್ಟಿಗೆಗಳ ನೆತ್ತಿಗೆ ಇನ್ನೇನು ತಾಗಬೇಕು ಎನ್ನುವಾಗ ಫಕ್ಕೆಂದು ಆರಿತು.

"ಕುಡಿದಾವೆ" ಎಂದಳು ಅವ್ವ, ಪಿಸುಮಾತಿನಲ್ಲಿ. "ಅಣ್ಣಾರೆ, ಕುಡಿದುಬಿಟ್ಟಾವೆ. ಇನ್ನೊಂಚೂರು ಹಾಕ್ರಿ."

ಚಾಚಾ ಹಾಕಿದರು. ಮತ್ತೆ ಕುಡಿದವು. ಮತ್ತೆ ಹಾಕಿದರು. ಸಂಜೆಯ ಹೊತ್ತಿಗೆ ಅವ್ವ ಬಾನಿಯ ಹೊರಮೈಗೆ ಅಂಗೈ ಇಟ್ಟು ಕಣ್ಣರಳಿಸಿದಳು. ಬಾನಿ ಬೆಚ್ಚಗಿತ್ತು. ಬಿಸಿಲಿನ ಬಿಸಿಯಲ್ಲ, ನೆರಳಲ್ಲೇ ಇತ್ತು. ಕಲ್ಲಾಗುವಾಗ ಕಲ್ಲು ತಾನೇ ಕಾವು ಬಿಡುತ್ತದೆ ಎಂದು ಮೇಡಂ ಹೇಳಿದ್ದು ನೆನಪಾಯಿತು. ನಾನು ಕೈ ಇಟ್ಟೆ, ಚಾಚಾ ಕೈ ಇಟ್ಟರು. ನಲ್ಲಿಯಿಂದ ಬರುತ್ತಿದ್ದ ಹೆಂಗಸರು ಕೊಡ ಕೆಳಗಿಳಿಸಿ ಒಬ್ಬೊಬ್ಬರೇ ಕೈ ಇಟ್ಟರು. ಅಷ್ಟು ಜನ ಒಂದು ಹಳೆಯ ಟ್ಯಾಂಕಿನ ಸುತ್ತ ಕೈಯಿಟ್ಟು ನಿಂತದ್ದನ್ನು ನೋಡಿ ನನಗೆ ಮತ್ತೆ ನಗು ಉಕ್ಕಿತು, ಕಣ್ಣಲ್ಲಿ ನೀರೂ ಬಂತು.

ಬುದ್ಧಪೂರ್ಣಿಮೆಯ ಬೆಳಗ್ಗೆ ಕೇರಿಯಲ್ಲಿ ಪಾಯಸದ ಕೆಲಸ ನಡೆದಿತ್ತು. ನ್ಯಾಮತಿ ಮೇಸ್ತ್ರಿ ಹೇಳಿದ ಹೊತ್ತಿಗೆ ಸರಿಯಾಗಿ ಗಾಡಿ ತಂದ. ಅವ್ವ ಎಣ್ಣೆ ಬಿಟ್ಟು ಒರೆಸಿದ ಮಿಷನ್ನು ಬೇವಿನ ಕೆಳಗೆ ಮಿರಮಿರ ಮಿಂಚುತ್ತಿತ್ತು. ಅವನು ನೇರ ಅದರ ಹಿಡಿಗೆ ಕೈ ಹಾಕಿದ. "ಒಂಚೂರು ತಡೀರಿ" ಎಂದಳು ಅವ್ವ. ಗ್ಯಾಸನ್ನು ಆಗಲೇ ಹರಿಯಬಿಟ್ಟಿದ್ದೆವು, ಬತ್ತಿ ತಳದವರೆಗೂ ಉರಿಯುತ್ತಿತ್ತು. ಅವ್ವ ಒಂದು ಇಟ್ಟಿಗೆ ಎತ್ತಿ ಅವನ ಕೈಗಿಟ್ಟಳು.

ಮೇಸ್ತ್ರಿ ಅದನ್ನು ಬೆರಳ ಗೆಣ್ಣಿನಿಂದ ತಟ್ಟಿದ. ಟಣ್ ಎಂದಿತು. ಎದೆಯ ಎತ್ತರದಿಂದ ನೆಲಕ್ಕೆ ಬಿಟ್ಟ. ಒಂದು ಮೂಲೆಯೂ ಮುಕ್ಕಾಗಲಿಲ್ಲ. ಎರಡು ಇಟ್ಟಿಗೆಯ ಮೇಲೆ ಒಂದನ್ನು ಅಡ್ಡ ಇಟ್ಟು, ಅದರ ಮೇಲೆ ಹತ್ತಿ ನಿಂತು, ಕುಪ್ಪಳಿಸಿದ. ದಪ್ಪ ಮನುಷ್ಯ. ಚಾಚಾ ಕಣ್ಣು ಮುಚ್ಚಿಕೊಂಡರು. ಏನೂ ಆಗಲಿಲ್ಲ.

"ಎಷ್ಟು ದಿನ ನೀರು ಹೊಡೆದ್ರಿ ಅಕ್ಕಾರೆ?"

"ಹೊಡೆದಿಲ್ಲ" ಎಂದಳು ಅವ್ವ. ಆಮೇಲೆ ನನ್ನ ಕಡೆ ಓರೆಗಣ್ಣಲ್ಲಿ ನೋಡಿ, "ಈ ಸಲ ಹೊಡೆದಿಲ್ಲ" ಎಂದಳು.

ಮೇಸ್ತ್ರಿ ನಂಬಲಿಲ್ಲ. ಚಾಚಾ ಅವನಿಗೆ ಸುಣ್ಣದ ಡಬ್ಬಿ ತೆಗೆದು ಶುರುವಿನಿಂದ ಪಾಠ ಹೇಳಿದರು. ಕೇಳಿ ಮುಗಿಸಿ ಅವನು ಮಿಷನ್ನಿನ ಹಿಡಿಯಿಂದ ಕೈ ತೆಗೆದ. "ಹಂಗಾದ್ರೆ ಮಿಷನ್ ಬ್ಯಾಡ ಬಿಡ್ರಿ. ನೀವೇ ಒತ್ತಿ, ನಂಗೆ ಇಟ್ಟಿಗೆ ಕೊಡ್ರಿ. ಒಂದು ಮಾದರಿಗೆ ಒಯ್ತೀನಿ" ಎಂದು ಒಂದನ್ನು ಸೀಟಿನ ಮೇಲೆ ಇಟ್ಟುಕೊಂಡು, ಖಾಲಿ ಗಾಡಿಯಲ್ಲಿ ವಾಪಸು ಹೋದ. ಅವ್ವ ಮಿಷನ್ನಿನ ಹಿಡಿಯನ್ನು ಸೆರಗಿನಿಂದ ಇನ್ನೊಮ್ಮೆ ಒರೆಸಿದಳು.

ಅಷ್ಟರಲ್ಲಿ ನಲ್ಲಿಯಲ್ಲಿ ನೀರು ಬಂತು. ಅವ್ವನ ಪಾಳಿ. ಕೊಡ ತಗೊಂಡು ಹೋದಳು, ನಾವೂ ಹಿಂದೆ ಹೋದೆವು. ಒಂದೇ ಒಂದು ಕೊಡ ತುಂಬಿಸಿ, ಸರದಿಯಲ್ಲಿದ್ದ ಚಿಗವ್ವನ ಕೊಡವನ್ನು ತಾನೇ ಎಳೆದು ನಲ್ಲಿಯ ಕೆಳಗಿಟ್ಟಳು. "ಉಳಿದಿದ್ದು ನೀನು ಹಿಡ್ಕ. ನನ್ನ ಕಲ್ಲು ನೀರು ಬಿಟ್ಟಾವೆ" ಎಂದಳು. ಚಿಗವ್ವ ತಲೆ ತಗ್ಗಿಸಿ, "ಅವತ್ತು ಅಂದಿದ್ದು ಮನಸ್ಸಿಗೆ ಹಚ್ಕಬ್ಯಾಡಕ್ಕ" ಎಂದಳು. "ಹಚ್ಕಂಡಿದ್ದಕ್ಕೇ ಇಷ್ಟಾಗಿದ್ದು ಕಣೆ" ಎಂದಳು ಅವ್ವ. ಇಡೀ ಸಾಲು ನಕ್ಕಿತು.

ಮನೆಗೆ ಬಂದು ಕೊಡ ಇಳಿಸಿ, ಅವ್ವ ತಂಬಿಗೆ ಅದ್ದಿ ತುಂಬಿಕೊಂಡಳು. ತುಂಬಿಕೊಂಡವಳು ಅಭ್ಯಾಸಬಲದಿಂದ ಬೇವಿನ ಮರದ ಕಡೆಗೆ ನಾಲ್ಕು ಹೆಜ್ಜೆ ಹಾಕಿದಳು. ಚಾಚಾ ಎದ್ದು ನಿಂತರು. ಅವ್ವ ಇಟ್ಟಿಗೆಗಳ ಮುಂದೆ ನಿಂತಳು, ತಂಬಿಗೆ ನೋಡಿದಳು, ಇಟ್ಟಿಗೆ ನೋಡಿದಳು. ಆಮೇಲೆ ತಲೆ ಎತ್ತಿ, ತಂಬಿಗೆಯನ್ನು ಮೇಲೆ ಹಿಡಿದು, ತನ್ನ ಬಾಯಿಗೆ ಸುರಿದುಕೊಂಡಳು. ಗಟಗಟ ಕುಡಿದಳು, ಕತ್ತಿನ ಮೇಲೆ ಹರಿದು ಕುಬಸ ಒದ್ದೆಯಾದರೂ ನಿಲ್ಲಿಸಲಿಲ್ಲ. ಆ ಬೇಸಿಗೆಯಲ್ಲಿ ನಮ್ಮವ್ವ ಹೊಟ್ಟೆ ತುಂಬ ನೀರು ಕುಡಿದದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.